ಹತ್ತು ಸೆಂಟಿಮೀಟರಿಗೆ ಎರಡು ಕುಣಿಕೆ

ನಮ್ಮನೆಯವರ ಸ್ವೆಟರ್ ಹೆಣೆದು, ನೆನೆಸಿ ಒಣಗಿಸಿ ಮುಗಿಸಿದ ರಾತ್ರಿಯೇ ಅದನ್ನು ಪೂರ್ತಿ ಬಿಚ್ಚಬೇಕು ಅಂತ ನನಗೆ ಗೊತ್ತಾಯಿತು. ನಾಲ್ಕು ತಿಂಗಳು ಹೆಣೆದ ಸ್ವೆಟರ್ ಅದು. ಮಕ್ಕಳು ಮಲಗಿದ ಮೇಲೆ ಒಂದು ಗಂಟೆ, ರಜೆ ದಿನ ಮಧ್ಯಾಹ್ನ ಇನ್ನೊಂದು ಗಂಟೆ, ಹೀಗೆ ಸಿಕ್ಕ ಸಮಯದಲ್ಲಿ ಸೇರಿಸಿ ಸೇರಿಸಿ ಮಾಡಿದ್ದು. ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ಹೆಗಲು ತೋಳಿನ ಮೇಲೆ ಜಾರಿತು, ಎದೆ ಜೋತುಬಿತ್ತು. ಮಗ ಓಡಿ ಬಂದು ಕೆಳಗಿನಿಂದ ನುಸುಳಿ ಅಪ್ಪನ ಜೊತೆ ಒಳಗೇ ನಿಂತುಕೊಂಡ. ಇಬ್ಬರಿಗೂ ಜಾಗ ಇತ್ತು.

"ಇರಲಿ ಬಿಡೇ, ನಾನು ಹೀಗೇ ಹಾಕ್ಕೋತೀನಿ, ಬೆಚ್ಚಗಿದೆ" ಅಂದರು. ಮನಸ್ಸಿನಿಂದಲೇ ಅಂದದ್ದು. ಆದರೆ ನಾನು ಟೇಪು ತಂದು ಅಳೆದೆ. ಎದೆ ಸುತ್ತಳತೆ 100 ಸೆಂಟಿಮೀಟರ್ ಬರಬೇಕಿತ್ತು. 110 ಬಂದಿತ್ತು.

ಲೆಕ್ಕ ಮಾಡಿದರೆ ಕಾರಣ ಸರಳ. 10 ಸೆಂಟಿಮೀಟರಿಗೆ 22 ಕುಣಿಕೆ ಬರುವ ಹಾಗೆ ಹೆಣೆಯಬೇಕು ಅಂತ ನಾನು ನೋಡಿ ಹೆಣೆದ ವಿನ್ಯಾಸದ ಸೂಚನೆಯಲ್ಲಿತ್ತು. ಅದರಂತೆ ಕಡ್ಡಿಗೆ 220 ಕುಣಿಕೆ ಹಾಕಿದ್ದೆ. ನನ್ನ ಕೈಗೆ ಬಂದದ್ದು 20. ಹತ್ತು ಸೆಂಟಿಮೀಟರಿಗೆ ಬರೀ ಎರಡು ಕುಣಿಕೆ ಕಡಿಮೆ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ 220 ಕುಣಿಕೆ ಪೂರ್ತಿ ಸುತ್ತಿ ಬರುವಷ್ಟರಲ್ಲಿ ಅದು 10 ಸೆಂಟಿಮೀಟರ್ ಜಾಸ್ತಿ ಆಗಿರುತ್ತದೆ.

ಮಾದರಿ ತುಂಡು, ಅಂದರೆ ಬಟ್ಟೆ ಶುರು ಮಾಡುವ ಮುಂಚೆ ಅಳತೆ ನೋಡಲು ಹೆಣೆಯುವ ಸಣ್ಣ ಚೌಕ, ಹೆಣೆದೇ ಇರಲಿಲ್ಲ ಅಂತಲ್ಲ. ಹೆಣೆದಿದ್ದೆ, ಆದರೆ ತಪ್ಪಾಗಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತುಂಡು ಹೆಣೆದೂ ಅಳತೆ ತಪ್ಪಿದಾಗ, ಇದರಿಂದ ಪ್ರಯೋಜನವೇ ಇಲ್ಲ ಅಂತ ತುಂಬ ಜನ ಬಿಟ್ಟುಬಿಡುತ್ತಾರೆ. ನಾನೂ ಬಿಡುವುದರಲ್ಲಿದ್ದೆ.

ಮೊದಲನೆಯದು, ನನ್ನ ತುಂಡು ತೀರ ಚಿಕ್ಕದಿತ್ತು. 22 ಕುಣಿಕೆ ಹಾಕಿ, ಅದು 10 ಸೆಂಟಿಮೀಟರ್ ಇದೆಯಾ ಅಂತ ಅಂಚಿನಿಂದ ಅಂಚಿಗೆ ಅಳೆದಿದ್ದೆ. ಅಂಚಿನ ಕುಣಿಕೆಗಳು ಯಾವತ್ತೂ ನಡುವಿನವುಗಳ ಹಾಗೆ ಇರುವುದಿಲ್ಲ. ಒಳಕ್ಕೆ ಸುರುಳಿಯೂ ಸುತ್ತಿಕೊಳ್ಳುತ್ತವೆ. ಈಗ 35ರಿಂದ 40 ಕುಣಿಕೆ ಹಾಕುತ್ತೇನೆ, ನಡುವಿನ 10 ಸೆಂಟಿಮೀಟರ್ ಮಾತ್ರ ಎಣಿಸುತ್ತೇನೆ. ಅದೂ ಮೂರು ಕಡೆ. ಅರ್ಧ ಕುಣಿಕೆ ಬಂದರೆ ಅದನ್ನೂ ಬರೆದುಕೊಳ್ಳುತ್ತೇನೆ.

ಎರಡನೆಯ ತಪ್ಪು ನನಗೆ ತಡವಾಗಿ ಹೊಳೆಯಿತು. ಸ್ವೆಟರನ್ನು ದುಂಡಗಿನ ಕಡ್ಡಿಯಲ್ಲಿ, ಅಂದರೆ ಬಾಗುವ ತಂತಿಯಿಂದ ಸೇರಿಸಿದ ಜೋಡಿ ಕಡ್ಡಿಯಲ್ಲಿ, ಸುತ್ತುಸುತ್ತಾಗಿ ಹೆಣೆದಿದ್ದೆ. ಅಲ್ಲಿ ಬರೀ ಸೀದಾ ಕುಣಿಕೆ (ದಾರ ಹಿಂದಿಟ್ಟು ಹೆಣೆಯುವುದು), ಉಲ್ಟಾ (ದಾರ ಮುಂದಿಟ್ಟು ಹೆಣೆಯುವುದು) ಬರುವುದೇ ಇಲ್ಲ. ಮಾದರಿ ತುಂಡನ್ನೋ, ಹೋಗಿ ಬಂದು, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದಿದ್ದೆ. ನನ್ನ ಕೈಯಲ್ಲಿ ಈ ಎರಡರ ಬಿಗಿ ಒಂದೇ ಅಲ್ಲ. ತುಂಬ ಜನರಿಗೆ ಹೀಗೇ ಇರುತ್ತದೆ. ಆದ್ದರಿಂದ ಸುತ್ತು ಹೆಣೆಯುವ ಬಟ್ಟೆಗೆ ತುಂಡನ್ನೂ ಸೀದಾ ಸಾಲುಗಳಲ್ಲೇ ಹೆಣೆಯಬೇಕು. ಒಂದು ಸಾಲು ಮುಗಿದ ಮೇಲೆ ತಿರುಗಿಸಬಾರದು. ಕುಣಿಕೆಗಳನ್ನೆಲ್ಲ ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ದಾರವನ್ನು ಹಿಂದೆ ಸಡಿಲವಾಗಿ ಎಳೆದುಕೊಂಡು, ಮತ್ತೆ ಬಲಗಡೆಯಿಂದಲೇ ಶುರು ಮಾಡಬೇಕು. ಹಿಂಬದಿ ದಾರಗಳು ಜೋತಾಡಿ ನೋಡಲು ಚೆನ್ನಾಗಿರುವುದಿಲ್ಲ. ಆದರೆ ಅಳತೆ ನಿಜವಾದದ್ದು ಸಿಗುತ್ತದೆ.

ಮೂರನೆಯದು ತೊಳೆಯುವುದು. ನಾನು ತುಂಡನ್ನು ತೊಳೆದಿರಲಿಲ್ಲ. ತಂದಿದ್ದ ಉಲ್ಲನ್ ಮೆಷಿನ್‌ನಲ್ಲಿ ಒಗೆಯಬಹುದಾದ ಸೂಪರ್‌ವಾಶ್ ಜಾತಿಯದು. ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಪದರ ಇರುತ್ತದೆ. ಬಿಸಿನೀರಿನಲ್ಲಿ ಉಜ್ಜಿದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿ ಕಂಬಳಿಯಾಗುತ್ತದೆ. ಸೂಪರ್‌ವಾಶ್ ಮಾಡುವಾಗ ಆ ಹುರುಪೆಗಳನ್ನು ಸವೆಸುತ್ತಾರೆ, ಅಥವಾ ಮೇಲೆ ತೆಳ್ಳಗೆ ಲೇಪನ ಕೊಡುತ್ತಾರೆ. ಹಾಗಾಗಿ ಅದು ಕುಗ್ಗುವುದಿಲ್ಲ. ಆದರೆ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುವುದೂ ಕಡಿಮೆಯಾಗುತ್ತದೆ, ಒದ್ದೆಯಾದಾಗ ಬಟ್ಟೆ ಬೆಳೆಯುತ್ತದೆ. ಸ್ವೆಟರನ್ನು ಮೈಗೆ ಹಾಕಿ ನೋಡುವ ಮುಂಚೆ ನೆನೆಸಿ ಒಣಗಿಸಿದ್ದೆನಲ್ಲ, ಅಲ್ಲೇ ಅದು ಉದ್ದಕ್ಕೂ ಅಗಲಕ್ಕೂ ಹರಡಿಕೊಂಡದ್ದು. ಈಗ ಯಾವ ಉಲ್ಲನ್ ಆದರೂ ಸರಿ, ಆ ಬಟ್ಟೆಯನ್ನು ಮುಂದೆ ಹೇಗೆ ಒಗೆಯುತ್ತೇವೋ ಹಾಗೆಯೇ ತುಂಡನ್ನು ಒಗೆದು, ಟವೆಲ್ ಮೇಲೆ ಹರಡಿ ಒಣಗಿಸಿ, ಮಾರನೇ ದಿನ ಅಳೆಯುತ್ತೇನೆ.

ಬಿಚ್ಚಿದ್ದು ಒಂದು ಭಾನುವಾರ. ಮಗಳಿಗೆ ಒಂಬತ್ತು ವರ್ಷ, ಅವಳೇ ದಾರದ ತುದಿ ಹಿಡಿದು ಎಳೆದಳು. ನಮ್ಮನೆಯವರು ಕುರ್ಚಿ ತಿರುಗಿಸಿ ಇಟ್ಟು ಅದರ ಬೆನ್ನಿಗೆ ದಾರ ಸುತ್ತಿದರು. ಹೆಣೆದು ಬಿಚ್ಚಿದ ಉಲ್ಲನ್ ಸುರುಳಿ ಸುರುಳಿಯಾಗಿ ಇರುತ್ತದೆ. ಹಾಗೇ ಮತ್ತೆ ಹೆಣೆದರೆ ಕುಣಿಕೆಗಳು ಏರುಪೇರಾಗುತ್ತವೆ. ಅದಕ್ಕೆ ಲಡಿ ಮಾಡಿ, ನಾಲ್ಕು ಕಡೆ ಬೇರೆ ದಾರದಿಂದ ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ಕಟ್ಟಿದ ಕಡೆ ನೀರು ಇಳಿಯುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಹಿಂಡದೆ ಟವೆಲ್‌ನಲ್ಲಿ ಒತ್ತಿ, ನೇತುಹಾಕಿದೆವು. ಬಾತ್‌ರೂಮಿನಲ್ಲಿ ಏಳು ಲಡಿ ಸಾಲಾಗಿ ತೂಗಾಡುತ್ತಿದ್ದವು. ಎರಡು ದಿನ ಎಲ್ಲರೂ ತಲೆ ಬಗ್ಗಿಸಿಕೊಂಡೇ ಒಳಗೆ ಹೋಗಿ ಬಂದರು. ಒಣಗಿದಾಗ ದಾರ ಹೊಸದರ ಹಾಗೆ ನೆಟ್ಟಗಾಗಿತ್ತು.

ಇದಾದ ಮೇಲೆ ಉಲ್ಲನ್ ಕೊಳ್ಳುವ ರೀತಿಯನ್ನೂ ಬದಲಿಸಿದೆ. ಮೊದಲು ಬಣ್ಣ ನೋಡಿ ಕೊಳ್ಳುತ್ತಿದ್ದೆ. ಒಂದು ಚಂದದ ಹಸಿರು ಕಂಡರೆ ಒಂದು ಉಂಡೆ, ಒಂದು ಇಟ್ಟಿಗೆ ಕೆಂಪು ಕಂಡರೆ ಇನ್ನೊಂದು ಉಂಡೆ. ಒಂದು ದಿನ ಪೆಟ್ಟಿಗೆ ತೆಗೆದು ನೆಲಕ್ಕೆ ಹರಡಿದೆ. ಒಂಟಿ ಉಂಡೆಗಳೇ ಇಪ್ಪತ್ತಾರು ಇದ್ದವು. ಒಂದೊಂದೂ ಚಂದ. ಯಾವ ಎರಡನ್ನು ಸೇರಿಸಿದರೂ ಒಂದು ಬಟ್ಟೆಗೆ ಸಾಲುತ್ತಿರಲಿಲ್ಲ. ಒಂದರ ದಪ್ಪ ಇನ್ನೊಂದಕ್ಕಿಲ್ಲ. ತುಂಬ ಬೇಜಾರಾಯಿತು. ಮನೆಯ ದುಡ್ಡು ಅದು, ಸುಮ್ನೆ ಕೂತಿತ್ತು.

ಈಗ ಒಂದು ನೋಟ್‌ಬುಕ್ ಇದೆ. ಮೊದಲು ಯಾರಿಗೆ ಅಂತ ಬರೆಯುತ್ತೇನೆ. ಆಮೇಲೆ ಏನು, ಎಷ್ಟು ಮೀಟರ್. ಬಣ್ಣ ಕೊನೆಗೆ. ಉಂಡೆಯ ಲೆಕ್ಕ ನಂಬುವ ಹಾಗಿಲ್ಲ. 100 ಗ್ರಾಂ ಉಂಡೆಯಲ್ಲಿ ಕಾಲುಚೀಲಕ್ಕೆ ಬಳಸುವ ತೆಳ್ಳಗಿನ ದಾರವಾದರೆ ಸುಮಾರು 400 ಮೀಟರ್ ಇರುತ್ತದೆ. ಸ್ವೆಟರಿನ ಮಧ್ಯಮ ದಪ್ಪದ್ದಾದರೆ ಸುಮಾರು 200 ಮಾತ್ರ. ತೂಕ ಒಂದೇ, ಉದ್ದ ಅರ್ಧ. ನಮ್ಮನೆಯವರ ಸ್ವೆಟರಿಗೆ ಸುಮಾರು 1,200 ಮೀಟರ್ ಬೇಕಿತ್ತು, ಅಂದರೆ ಈ ಮಧ್ಯಮ ದಾರದಲ್ಲಿ ಆರು ಉಂಡೆ. ಏಳು ತಂದಿದ್ದೆ. ಲೆಕ್ಕಕ್ಕಿಂತ ಒಂದು ಉಂಡೆ ಜಾಸ್ತಿ ತರುವುದನ್ನು ನಾನು ದುಂದು ಅನ್ನುವುದಿಲ್ಲ. ಉಳಿದರೆ ಟೋಪಿ ಆಗುತ್ತದೆ. ಸಾಲದೆ ಹೋದರೆ ಏನಾಗುತ್ತದೆ ಅಂತ ಮಗಳ ಹಳದಿ ಕಾರ್ಡಿಗನ್ ನನಗೆ ಕಲಿಸಿದೆ.

ಅದರ ಎಡತೋಳು ಮುಗಿಯುವ ಮುಂಚೆ ದಾರ ಮುಗಿಯಿತು. ಅದೇ ಕಂಪನಿ, ಅದೇ ಬಣ್ಣದ ನಂಬರ್ ಹುಡುಕಿ ತಂದೆ. ರಾತ್ರಿ ದೀಪದ ಬೆಳಕಲ್ಲಿ ಎರಡೂ ಒಂದೇ ಆಗಿ ಕಂಡವು, ಮುಗಿಸಿಬಿಟ್ಟೆ. ಬೆಳಗ್ಗೆ ಕಿಟಕಿ ಹತ್ತಿರ ಹಿಡಿದರೆ ತೋಳಿಗೆ ಬೇರೆ ಬಟ್ಟೆ ಜೋಡಿಸಿದ ಹಾಗಿತ್ತು. ಲೇಬಲ್ ಮೇಲೆ ಬಣ್ಣದ ನಂಬರ್ ಪಕ್ಕದಲ್ಲಿ ಲಾಟ್ ನಂಬರ್ ಅಂತ ಇನ್ನೊಂದು ಇರುತ್ತದೆ. ಒಂದೇ ಸಲ ಒಂದೇ ಕಡಾಯಿಯಲ್ಲಿ ಬಣ್ಣ ಹಾಕಿದ ದಾರಕ್ಕೆಲ್ಲ ಒಂದೇ ಲಾಟ್. ಬೇರೆ ಲಾಟ್ ಅಂದರೆ ಬಣ್ಣ ಒಂದು ಕೂದಲೆಳೆಯಷ್ಟಾದರೂ ಬೇರೆಯಾಗಬಹುದು. ಎರಡೂ ತೋಳುಗಳನ್ನು ಮೊಣಕೈವರೆಗೆ ಬಿಚ್ಚಿದೆ. ಎರಡು ಸಾಲು ಹಳೇ ಉಂಡೆ, ಎರಡು ಸಾಲು ಹೊಸ ಉಂಡೆ, ಹೀಗೆ ಬದಲಿಸುತ್ತಾ ಹೆಣೆದೆ. ಮುಂಗೈ ಪಟ್ಟಿ, ಕುತ್ತಿಗೆ ಪಟ್ಟಿ ಎರಡನ್ನೂ ಪೂರ್ತಿ ಹೊಸ ಉಂಡೆಯಲ್ಲೇ ಮಾಡಿದೆ. ಈಗ ಗೆರೆ ಕಾಣುವುದಿಲ್ಲ, ಅಂಚು ಮಾತ್ರ ಒಂದಿಷ್ಟು ಗಾಢ. ಮಗಳಿಗೆ ಆ ಅಂಚೇ ತುಂಬ ಇಷ್ಟ.

ಉಲ್ಲನ್ ಮುಟ್ಟಿ ನೋಡುವುದನ್ನು ನನಗೆ ಕಲಿಸಿದ್ದು ನಮ್ಮತ್ತೆ. ಅವರಿಗೆ ಅಂತ ಒಂದು ಉಣ್ಣೆಯ ಶಾಲು ಹೆಣೆದಿದ್ದೆ. ಒಂದೇ ಸಲ ಹೊದ್ದರು, ಕುತ್ತಿಗೆಯೆಲ್ಲ ಕೆಂಪಗಾಯಿತು. "ಅಂಗೈಯಲ್ಲಿ ಹಿಡಿದು ನೋಡಿದರೆ ಏನು ಗೊತ್ತಾಗುತ್ತೆ? ಕುತ್ತಿಗೆಗೆ ಇಟ್ಟು ನೋಡು" ಅಂದರು. ಅವರ ಮಾತು ನಿಜ. ಅಂಗೈ ಚರ್ಮ ದಪ್ಪ. ಉಣ್ಣೆ ಚುಚ್ಚುವುದು ದಪ್ಪ ಎಳೆಗಳ ತುದಿಯಿಂದ, ಕುತ್ತಿಗೆಗೆ ಅದು ಬೇಗ ತಿಳಿಯುತ್ತದೆ. ಮೆರಿನೋ ಕುರಿಯ ಉಣ್ಣೆ ಮೆತ್ತಗಿರುವುದಕ್ಕೆ ಅದರ ಎಳೆ ತುಂಬ ಸಣ್ಣಗಿರುವುದೇ ಕಾರಣ. ಈಗ ಮಾದರಿ ತುಂಡು ಒಣಗಿದ ಮೇಲೆ ಅವರ ಕೈಗೇ ಕೊಡುತ್ತೇನೆ. ಅರ್ಧ ಗಂಟೆ ಕುತ್ತಿಗೆ ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. "ಆಗುತ್ತೆ" ಅಂದರೆ ಮಾತ್ರ ಮುಂದಿನ ಕೆಲಸ.

ಅವರಿಗೆ ಹತ್ತಿ ದಾರದಲ್ಲೂ ಒಂದು ಜಾಕೆಟ್ ಹೆಣೆದೆ. ಹತ್ತಿ ಚುಚ್ಚುವುದಿಲ್ಲ, ಆದರೆ ಉಣ್ಣೆಯ ಹಾಗೆ ಎಳೆದರೆ ಹಿಂದಕ್ಕೆ ಬರುವ ಗುಣ ಅದಕ್ಕಿಲ್ಲ. ತೂಕವೂ ಜಾಸ್ತಿ. ಹಾಕುತ್ತಾ ಹಾಕುತ್ತಾ ಕೆಳಗೆ ಎಳೆಯುತ್ತದೆ. ಅದಕ್ಕೆ ಉದ್ದವನ್ನು ಮೂರು ಸೆಂಟಿಮೀಟರ್ ಕಡಿಮೆ ಇಟ್ಟೆ. ಈಗ ಅದು ಇಳಿದು ಸರಿಯಾಗಿ ಸೊಂಟಕ್ಕೆ ಬಂದಿದೆ.

ಲೇಬಲ್ ಕಳೆದುಹೋದ ಉಂಡೆಗಳನ್ನು ಗುರುತಿಸುವ ಉಪಾಯವೂ ಅತ್ತೆಯದೇ. ಬೆರಳುದ್ದ ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಬೇಕು. ಕೂದಲು ಸುಟ್ಟ ವಾಸನೆ ಬಂದು, ತಾನೇ ಆರಿ, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿದರೆ ಉಣ್ಣೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್‌ನಂಥ ಕೃತಕ ದಾರ. ಮಕ್ಕಳು ದೂರ ಇರುವಾಗ, ಪಕ್ಕದಲ್ಲಿ ನೀರಿಟ್ಟುಕೊಂಡೇ ಮಾಡಿ. ಅಕ್ರಿಲಿಕ್ ಕೀಳು ಅಂತ ನಾನು ಅನ್ನುವುದಿಲ್ಲ. ದಿನವೂ ಒಗೆಯುವ ಮಕ್ಕಳ ಬಟ್ಟೆಗೆ ಒಳ್ಳೆಯದೇ. ಇಸ್ತ್ರಿ ಮಾತ್ರ ಮುಟ್ಟಿಸಬಾರದು. ಒಂದು ಸಲ ಬಿಸಿಗೆ ಸಡಿಲವಾದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಮಗನಿಗೆ ಆರು ವರ್ಷ. ಅವನಿಗೆ ಬೇಕಾದದ್ದು ಬೆಕ್ಕಿನ ಕಿವಿ ಇರುವ ಟೋಪಿ. ಎರಡು ಸಂಜೆಯ ಕೆಲಸ. ಮೂರು ಹೆಣೆದಿದ್ದೇನೆ, ಎರಡು ಕಳೆದಿದ್ದಾನೆ.

ಸಮಯ ಎಲ್ಲಿಂದ ತರುತ್ತೀಯಾ ಅಂತ ಕೇಳುವವರಿದ್ದಾರೆ. ನಾನು ಸಮಯಕ್ಕೆ ತಕ್ಕ ಕೆಲಸ ಇಟ್ಟುಕೊಳ್ಳುತ್ತೇನೆ, ಅಷ್ಟೇ. ಕೈಚೀಲದಲ್ಲಿ ಯಾವಾಗಲೂ ಒಂದು ಕಾಲುಚೀಲ ಇರುತ್ತದೆ. 64 ಕುಣಿಕೆ, ಸುತ್ತಿ ಸುತ್ತಿ ಸೀದಾ. ಮಗಳ ಕ್ಲಾಸ್ ಬಿಡುವವರೆಗೆ ಕಾಯುವಾಗ ಹತ್ತು ಸುತ್ತು ಆಗುತ್ತದೆ. ಮಾತಾಡುತ್ತಲೇ ಹೆಣೆಯಬಹುದು. ಎಣಿಸುವ ಕೆಲಸ, ಜಾಲರಿ ಹೆಣಿಗೆಯಂಥದ್ದು, ಮಕ್ಕಳು ಮಲಗಿದ ಮೇಲೆಯೇ. ಅದರಲ್ಲಿ ಪ್ರತಿ ಎಂಟು ಹತ್ತು ಸಾಲಿಗೊಮ್ಮೆ ಬೇರೆ ಬಣ್ಣದ ತೆಳ್ಳನೆ ದಾರವನ್ನು ಸೂಜಿಯಿಂದ ಎಲ್ಲ ಕುಣಿಕೆಗಳೊಳಗೂ ಹಾಯಿಸಿ ಬಿಡುತ್ತೇನೆ. ತಪ್ಪಾದರೆ ಅಲ್ಲಿವರೆಗೆ ಮಾತ್ರ ಬಿಚ್ಚಬಹುದು. ಮಧ್ಯದಲ್ಲಿ "ಅಮ್ಮಾ" ಅಂತ ಕೂಗಿದರೆ "ಈ ಸಾಲು ಮುಗಿಸಿ ಬರ್ತೀನಿ" ಅನ್ನುತ್ತೇನೆ. ಮನೆಯಲ್ಲಿ ಎಲ್ಲರಿಗೂ ಅದು ಎಷ್ಟು ಹೊತ್ತು ಅಂತ ಗೊತ್ತು. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಮಣಿಕಟ್ಟು ಚಾಚುತ್ತೇನೆ. ಒಂದು ವರ್ಷ ಹಾಗೆ ಮಾಡದೆ ಎರಡು ತಿಂಗಳು ನೋವು ತಿಂದಿದ್ದೇನೆ.

ಮಗಳೂ ಈಗ ಹೆಣೆಯುತ್ತಾಳೆ. ಮೊನ್ನೆ ಅವಳ ಕುಣಿಕೆಯೊಂದು ಜಾರಿ ಹನ್ನೆರಡು ಸಾಲು ಕೆಳಗಿಳಿಯಿತು, ಏಣಿಯ ಹಾಗೆ. ಅಳು ಬಂದಿತ್ತು ಅವಳಿಗೆ. ಕ್ರೋಶಾ ಕಡ್ಡಿ ಕೊಟ್ಟು, ಕೆಳಗಿನ ಕುಣಿಕೆ ಹಿಡಿದು ಏಣಿಯ ಒಂದೊಂದೇ ಮೆಟ್ಟಿಲನ್ನು ಅದರೊಳಗಿಂದ ಎಳೆಯಲು ತೋರಿಸಿದೆ. ನಾಲ್ಕನೆಯದರ ಹೊತ್ತಿಗೆ "ನೀನು ಮುಟ್ಟಬೇಡಮ್ಮ, ನಾನೇ ಮಾಡ್ತೀನಿ" ಅಂದಳು. ಆಮೇಲೆ ಅದೇ ಆಟ ಬೇಕು ಅಂತ ಇನ್ನೊಂದು ಕುಣಿಕೆಯನ್ನು ಬೇಕಂತಲೇ ಬಿಟ್ಟಳು.

ನಮ್ಮನೆಯವರ ಸ್ವೆಟರ್ ಈಗ ಎರಡನೇ ಸಲ ಕಡ್ಡಿಯ ಮೇಲಿದೆ. 4.5 ಮಿಲಿಮೀಟರ್ ಬದಲು 4ರ ಕಡ್ಡಿ. ತೊಳೆದ ತುಂಡಿನಲ್ಲಿ ಮೂರು ಕಡೆಯೂ 22 ಬಂದಿದೆ. ಮೈಭಾಗ ಮುಗಿದು, ಎರಡೂ ತೋಳುಗಳನ್ನು ಉದ್ದನೆಯ ಒಂದೇ ಕಡ್ಡಿಯಲ್ಲಿ ಒಟ್ಟಿಗೆ ಹೆಣೆಯುತ್ತಿದ್ದೇನೆ, ಒಂದು ಉದ್ದ ಒಂದು ಗಿಡ್ಡ ಆಗದಿರಲಿ ಅಂತ. ಕುಣಿಕೆ ಸಣ್ಣದಾದ್ದರಿಂದ ಸಾಲುಗಳು ಜಾಸ್ತಿ ಆಗಿವೆ, ದಾರ ಎಷ್ಟು ಉಳಿಯುತ್ತದೆ ಅಂತ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಲೇ ಇದ್ದೇನೆ. ನಿನ್ನೆ ರಾತ್ರಿ 92 ಗ್ರಾಂ ಇತ್ತು. ಕುತ್ತಿಗೆ ಪಟ್ಟಿಗೆ ಅಂತ 30 ಗ್ರಾಂ ಬೇರೆ ಸುತ್ತಿಟ್ಟಿದ್ದೇನೆ. ಮುಂಗೈಗೆ ಇನ್ನು ನಾಲ್ಕು ಬೆರಳು ಬಾಕಿ. ಇವರು ದಿನಾ ರಾತ್ರಿ ಬಂದು ತೋಳು ಚಾಚುತ್ತಾರೆ, ನಾನು ಅಳತೆ ಹಿಡಿದು ನೋಡುತ್ತೇನೆ.