ಸೈನ್ಸ್ ಫಿಕ್ಷನ್ ಓದೋಕೆ ಪಟ್ಟಿ ಬೇಡ, ಒಂದು ಪ್ರಶ್ನೆ ಸಾಕು

ಸೈನ್ಸ್ ಫಿಕ್ಷನ್ ಯಾರಿಂದ ಶುರು ಮಾಡಲಿ ಅಂತ ಕೇಳಿದರೆ ಎಲ್ಲರೂ ಒಂದು ಉದ್ದದ ಪಟ್ಟಿ ಕೈಗಿಡುತ್ತಾರೆ. ನಾನೂ ಪಟ್ಟಿ ಹಿಡಿದು ಹೊರಟವನೇ. ಹಳೆಯದರಿಂದ ಹೊಸದಕ್ಕೆ ಸಾಲಾಗಿ ಓದುತ್ತೇನೆ ಅಂದುಕೊಂಡು ಮೂರನೇ ಪುಸ್ತಕಕ್ಕೇ ಸುಸ್ತಾದೆ. ಆಮೇಲೆ ಗೊತ್ತಾಯಿತು, ಈ ಲೇಖಕರು ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುತ್ತಾ ಬಂದವರು. ಹಾಗಾಗಿ ಹೆಸರು ಬಿಡಿ, ಒಂದು ಪ್ರಶ್ನೆ ಹಿಡಿಯಿರಿ, ಅದರ ಬೆನ್ನು ಹತ್ತಿ.

ಮೊದಲ ಸಲಕ್ಕೆ ಈ ಪ್ರಶ್ನೆ ಒಳ್ಳೆಯದು: ನಾವೇ ಮಾಡಿದ್ದು ನಮ್ಮ ಮೇಲೇ ತಿರುಗಿಬಿದ್ದರೆ?

ಮೇರಿ ಶೆಲ್ಲಿ 'ಫ್ರಾಂಕೆನ್‌ಸ್ಟೈನ್' ಬರೆಯೋಕೆ ಕೂತಾಗ ಅವರಿಗೆ 18 ವರ್ಷ. ಪುಸ್ತಕ 1818ರಲ್ಲಿ ಬಂತು, ಲೇಖಕರ ಹೆಸರೇ ಇಲ್ಲದೆ. (ಫ್ರಾಂಕೆನ್‌ಸ್ಟೈನ್ ಅನ್ನೋದು ಕಥೆಯಲ್ಲಿ ಮನುಷ್ಯನೊಬ್ಬ ಕೈಯಾರೆ ಮಾಡುವ ಜೀವಿಯ ಹೆಸರಲ್ಲ, ಅದನ್ನು ಮಾಡಿ ಕೈಬಿಟ್ಟವನ ಹೆಸರು. ಕಥೆಯೆಲ್ಲ ಇರೋದು ಆ ಕೈಬಿಟ್ಟಿದ್ದರಲ್ಲೇ.) ಅಲ್ಲಿಂದ 1920ಕ್ಕೆ ಹಾರಿ. ಜೆಕ್ ಲೇಖಕ ಕಾರೆಲ್ ಚಾಪೆಕ್ ಅವರ 'ಆರ್.ಯು.ಆರ್.' ನಾಟಕ ಬಂದಿದ್ದು ಆ ವರ್ಷ. 'ರೋಬೋಟ್' ಅನ್ನೋ ಪದ ನಮಗೆ ಸಿಕ್ಕಿದ್ದು ಅದರಿಂದ. ಮೂಲ ಜೆಕ್ ಪದಕ್ಕೆ ಬಿಟ್ಟಿ ಚಾಕರಿ ಅಂತ ಅರ್ಥ, ಸೂಚಿಸಿದ್ದು ಅವರ ಅಣ್ಣ ಯೋಸೆಫ್.

ಯಂತ್ರ ಯಜಮಾನನನ್ನೇ ಕೊಲ್ಲುವ ಇಂಥ ಕಥೆಗಳನ್ನು ಓದಿ ಓದಿ ಬೇಸತ್ತವರು ಐಸಾಕ್ ಅಸಿಮೊವ್. ಚಾಕು ಮಾಡುವವನು ಅದಕ್ಕೊಂದು ಹಿಡಿ ಇಟ್ಟೇ ಇಡುತ್ತಾನೆ, ರೋಬೋಟ್ ಮಾಡುವವರು ಮಾತ್ರ ಯಾಕೆ ದಡ್ಡರಾಗಿರಬೇಕು ಅನ್ನೋದು ಅವರ ವಾದ. ಅದಕ್ಕೇ ಮೂರು ನಿಯಮ: ಮನುಷ್ಯರಿಗೆ ಹಾನಿ ಮಾಡಬಾರದು, ಅವರ ಮಾತು ಕೇಳಬೇಕು, ತನ್ನನ್ನು ಕಾಪಾಡಿಕೊಳ್ಳಬೇಕು. ಮೂರೂ ಒಟ್ಟಿಗೆ ಬಂದಿದ್ದು 1942ರ 'ರನ್‌ಅರೌಂಡ್' ಕಥೆಯಲ್ಲಿ. ಇದನ್ನು ಮಾತ್ರ ಬಿಡಬೇಡಿ. ಬುಧ ಗ್ರಹದಲ್ಲಿ ಒಂದು ರೋಬೋಟ್‌ಗೆ ಸೆಲೆನಿಯಂ ತರೋಕೆ ಸುಮ್ನೆ ಹೇಳಿದಂತೆ ಹೇಳಿ ಕಳಿಸುತ್ತಾರೆ. ಅದು ದುಬಾರಿ ಯಂತ್ರ, ತನ್ನನ್ನು ಕಾಪಾಡಿಕೊಳ್ಳುವ ನಿಯಮ ಅದರಲ್ಲಿ ಸ್ವಲ್ಪ ಜಾಸ್ತಿಯೇ ಗಟ್ಟಿ. ಸೆಲೆನಿಯಂ ಹತ್ತಿರ ಅಪಾಯ ಇದೆ, ಹೋಗೋ ಹಾಗಿಲ್ಲ. ಹುಕುಂ ಇದೆ, ಬಿಡೋ ಹಾಗೂ ಇಲ್ಲ. ಎರಡೂ ಸರಿಸಮ ಆಗುವ ದೂರದಲ್ಲಿ ಪಾಪ ಅದು ಕುಡಿದವರ ಹಾಗೆ ಹಾಡುತ್ತಾ ಸುತ್ತು ಹೊಡೀತಾ ಇರುತ್ತದೆ. ಈ ನಿಯಮಗಳಿದ್ದರೆ ಎಲ್ಲ ಸರಿಹೋಗುತ್ತೆ ಅಂತ ಇವತ್ತಿಗೂ ಹೇಳುವವರಿದ್ದಾರೆ. ಅವರು ಕಥೆ ಓದಿಲ್ಲ ಅಂತ ನನ್ನ ಅನುಮಾನ.

ಮುಂದೆ 1968ರಲ್ಲಿ 'ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?' ಕಾದಂಬರಿಯಲ್ಲಿ ಫಿಲಿಪ್ ಕೆ. ಡಿಕ್ ಪ್ರಶ್ನೆಯನ್ನೇ ತಿರುಗಿಸಿದರು: ಎದುರಿಗಿರೋದು ಮನುಷ್ಯನೋ ಯಂತ್ರವೋ ಅಂತ ಗೊತ್ತಾಗೋದು ಹೇಗೆ? 'ಬ್ಲೇಡ್ ರನ್ನರ್' ಸಿನಿಮಾ ಹುಟ್ಟಿದ್ದು ಆ ಕಾದಂಬರಿಯಿಂದ.

ಒಂದು ಎಳೆ ಮುಗಿದರೆ ಇನ್ನೊಂದು ಹಿಡಿಯಿರಿ. ಸಮಾಜ ಬೇರೆ ಥರ ಇದ್ದಿದ್ದರೆ ಅಂತ ಕೇಳಿಕೊಂಡರೆ ಎಚ್.ಜಿ. ವೆಲ್ಸ್ ಅವರ 'ದಿ ಟೈಮ್ ಮಷೀನ್' (1895) ಸಿಗುತ್ತದೆ. ಅದರಲ್ಲಿ ಯಂತ್ರ ಒಂದು ನೆಪ ಅಷ್ಟೇ. 802701ನೇ ಇಸವಿಗೆ ಹೋಗಿ ನೋಡಿದರೆ ಮನುಷ್ಯಕುಲ ಎರಡು ಜಾತಿಯ ಪ್ರಾಣಿಗಳಾಗಿ ಒಡೆದುಹೋಗಿದೆ. ಅದಾದ ಮೇಲೆ ಅರ್ಸುಲಾ ಲೆ ಗ್ವಿನ್ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' (1969) ಓದಿ, ಗಂಡು ಹೆಣ್ಣು ಅನ್ನೋ ಭೇದವೇ ಇಲ್ಲದ ಗ್ರಹದ ಕಥೆ. ಮೊದಲ ಐವತ್ತು ಪುಟ ನಿಧಾನ, ತಾಳ್ಮೆ ಬೇಕು.

ದಪ್ಪ ಪುಸ್ತಕ ನೋಡಿ ಹೆದರಿಕೆ ಆದರೆ ಸಣ್ಣಕಥೆ ಸಾಕು. ಅಸಿಮೊವ್ ಅವರ 'ನೈಟ್‌ಫಾಲ್', ಆರ್ಥರ್ ಸಿ. ಕ್ಲಾರ್ಕ್ ಅವರ 'ದಿ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್' ಒಂದೊಂದು ಸಂಜೆಗೆ ಮುಗಿಯುತ್ತವೆ.

ಯಾರ ಭವಿಷ್ಯ ನಿಜವಾಯಿತು ಅಂತ ಮಾರ್ಕ್ಸ್ ಹಾಕೋಕೆ ಹೋಗಬೇಡಿ. ಸಂಪರ್ಕ ಉಪಗ್ರಹದ ಬಗ್ಗೆ ಕ್ಲಾರ್ಕ್ 1945ರಲ್ಲಿ ಬರೆದಿದ್ದು ಕಥೆಯಲ್ಲ, ತಾಂತ್ರಿಕ ಲೇಖನ. 'ಸೈಬರ್‌ಸ್ಪೇಸ್' ಪದ ಕೊಟ್ಟ ವಿಲಿಯಂ ಗಿಬ್ಸನ್ ತಮ್ಮ ಕಂಪ್ಯೂಟರ್ ಲೋಕದ ಕಾದಂಬರಿ 'ನ್ಯೂರೋಮ್ಯಾನ್ಸರ್' ಬರೆದಿದ್ದು ಕಂಪ್ಯೂಟರಲ್ಲಿ ಅಲ್ಲ, ಟೈಪ್‌ರೈಟರಲ್ಲಿ!

ಇನ್ನೊಂದು, ಅನುವಾದ ನೋಡಿ ಆರಿಸಿ. ಸ್ತಾನಿಸ್ವಾಫ್ ಲೆಮ್ ಅವರ 'ಸೊಲಾರಿಸ್' ಮೂಲ ಪೋಲಿಷ್, ಆದರೆ 1970ರ ಇಂಗ್ಲಿಷ್ ಪುಸ್ತಕ ಫ್ರೆಂಚ್ ಅನುವಾದದಿಂದ ಮಾಡಿದ್ದು. ಅದು ಸ್ವತಃ ಲೆಮ್‌ಗೇ ಹಿಡಿಸಿರಲಿಲ್ಲ. ನೇರ ಪೋಲಿಷ್‌ನಿಂದ ಬಂದ 2011ರ ಅನುವಾದ ಸಿಕ್ಕರೆ ಅದನ್ನೇ ಓದಿ.