ನೂರು ಕೋಶಗಳ ಲೆಕ್ಕ: ರಕ್ತದಲ್ಲಿ ಟಿಬಿ ಹುಡುಕಿದ ನನ್ನ ಅನುಭವ

ಕಫ ಕೊಡಿ ಅಂದರೆ ಎಂಜಲು ಉಗಿದು ಕೊಡುವವರೇ ಜಾಸ್ತಿ. ಚಿಕ್ಕ ಮಕ್ಕಳಿಗಂತೂ ಕಫ ತೆಗೆಯಲು ಬರುವುದೇ ಇಲ್ಲ. ಕುತ್ತಿಗೆಯ ಗಂಟಿನಲ್ಲೋ ಬೆನ್ನುಮೂಳೆಯಲ್ಲೋ ಟಿಬಿ ಕೂತಿದ್ದರೆ ಕಫದಲ್ಲಿ ಏನು ಸಿಗುತ್ತೆ ಹೇಳಿ? ಅದಕ್ಕೇ ರಕ್ತದಲ್ಲಿ ಹುಡುಕುವ ಕೆಲಸಕ್ಕೆ ಕೈ ಹಾಕಿದೆ.

ರಕ್ತ ಅಂದಕೂಡಲೇ ನೆನಪಾಗುವುದು ಇಗ್ರಾ ಅನ್ನುವ ಪರೀಕ್ಷೆ. ಟಿಬಿ ಬ್ಯಾಕ್ಟೀರಿಯಾದ ಈಸಾಟ್-6, ಸಿಎಫ್‌ಪಿ-10 ಪ್ರೋಟೀನುಗಳ ತುಣುಕನ್ನು ರಕ್ತಕ್ಕೆ ಹಾಕಿ, ಟಿ ಕೋಶಗಳು (ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು) ಇಂಟರ್‌ಫೆರಾನ್ ಗಾಮಾ ಅನ್ನುವ ಸಂಕೇತದ ಪ್ರೋಟೀನ್ ಬಿಡುತ್ತವಾ ಅಂತ ನೋಡುವುದು. ಇವೆರಡೂ ಬಿಸಿಜಿ ಲಸಿಕೆಯಲ್ಲಿಲ್ಲ, ಹಾಗಾಗಿ ಹುಟ್ಟಿದಾಗ ಹಾಕಿಸಿಕೊಂಡ ಬಿಸಿಜಿಯಿಂದ ಗೊಂದಲವಿಲ್ಲ. ಆದರೆ ಸೋಂಕು ಸುಮ್ನೆ ಮಲಗಿದೆಯಾ, ಕಾಯಿಲೆಯಾಗಿ ಎದ್ದಿದೆಯಾ ಅಂತ ಅದು ಹೇಳುವುದಿಲ್ಲ. ಲ್ಯಾಬಿನಲ್ಲಿ ಗಟ್ಟಿಮುಟ್ಟಾಗಿದ್ದ ಕೆಲವರದೂ ಪಾಸಿಟಿವ್ ಬಂತು, ನನ್ನದೂ ಸೇರಿ.

ಹಾಗಾಗಿ ನಾವು ಫ್ಲೋ ಸೈಟೋಮೀಟರಿನಲ್ಲಿ (ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ಹುಡುಕಿದ್ದು, ಹಾಗೆ ಉತ್ತರ ಕೊಟ್ಟ ಸಿಡಿ4 ಕೋಶಗಳ (ಟಿ ಕೋಶಗಳಲ್ಲೇ ಒಂದು ಬಗೆ) ಮೈಮೇಲೆ ಎಚ್‌ಎಲ್‌ಎ-ಡಿಆರ್, ಸಿಡಿ38 ಅನ್ನುವ ಮಾರ್ಕರ್‌ಗಳು, ಅಂದರೆ ಕೋಶ ಎದ್ದಿದೆ ಅಂತ ತೋರಿಸುವ ಪ್ರೋಟೀನುಗಳು, ಎಷ್ಟಿವೆ ಅಂತ. ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತಿದ್ದರೆ ಇವು ಏರಿರುತ್ತವೆ, ಚಿಕಿತ್ಸೆ ಹಿಡಿದ ಹಾಗೆ ಇಳಿಯುತ್ತವೆ. ಶುರುವಿನಲ್ಲಿ ಸಿಡಿ69 ಅನ್ನುವ ಇನ್ನೊಂದು ಮಾರ್ಕರ್ ಹಾಕಿ ಬೇಸ್ತು ಬಿದ್ದಿದ್ದೆ. ಅದು ಕೆಲವೇ ಗಂಟೆಗಳಲ್ಲಿ ಏರುತ್ತದೆ, ಅಂದರೆ ಟ್ಯೂಬಿನಲ್ಲಿ ನಾನೇ ಎಬ್ಬಿಸಿ ನಾನೇ ಅಳೆಯುತ್ತಿದ್ದೆ! ಎಚ್‌ಎಲ್‌ಎ-ಡಿಆರ್ ಏರಲು ದಿನಗಳೇ ಬೇಕು. ಹಾಗಾಗಿ ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟು ಬೆಳಿಗ್ಗೆ ತೆಗೆದರೂ ಕಾಣುವುದು ಹೆಚ್ಚುಕಮ್ಮಿ ರೋಗಿಯ ಮೈಯಲ್ಲಿದ್ದ ಸ್ಥಿತಿಯೇ.

ಕಷ್ಟ ಇರುವುದು ಲೆಕ್ಕದಲ್ಲಿ. 1 ಲಕ್ಷ ಸಿಡಿ4 ಕೋಶ ಓಡಿಸಿ, ಅದರಲ್ಲಿ ಶೇ 0.1 ಉತ್ತರ ಕೊಟ್ಟರೆ ಕೈಗೆ ಸಿಗುವುದು ನೂರು. ಕೆಲವರಲ್ಲಿ ಹತ್ತೇ. ಮಾರ್ಕರ್ ಏರಿದ ಕೋಶ, ಏರದ ಕೋಶ ಅಂತ ಬೇರೆ ಮಾಡಲು ಪರದೆಯ ಮೇಲೆ ಒಂದು ಗೆರೆ ಎಳೆಯುತ್ತೇವೆ. ಆ ಹತ್ತರಲ್ಲಿ ನಾಲ್ಕು ಗೆರೆಯ ಆಚೆ ಬಿದ್ದರೆ ಶೇ 40, ಪರದೆಯ ಮೇಲೆ ಗೆರೆಯನ್ನು ಕೂದಲೆಳೆಯಷ್ಟು ಸರಿಸಿದರೆ ಶೇ 20, ಮನಸ್ಸಿಗೆ ಬೇಕಾದ ಕಡೆಗೆ ಕೈ ತಾನಾಗಿಯೇ ಹೋಗುತ್ತೆ ಬೇರೆ. ಅದಕ್ಕೇ ಯಾರ ರಕ್ತ ಅಂತ ಗೊತ್ತಿಲ್ಲದೆಯೇ ಗೇಟ್, ಅಂದರೆ ಆ ಗೆರೆ, ಹಾಕುತ್ತೇನೆ. ಗೆರೆ ನಿಲ್ಲುವುದು ಅಳೆಯುವ ಮಾರ್ಕರಿನ ಆ ಒಂದು ಬಣ್ಣ ಬಿಟ್ಟು ಮಿಕ್ಕೆಲ್ಲ ಹಾಕಿದ ಟ್ಯೂಬ್ ನೋಡಿ. 30 ಕೋಶಕ್ಕಿಂತ ಕಡಿಮೆ ಸಿಕ್ಕರೆ ಉತ್ತರವನ್ನೇ ಕೊಡುವುದಿಲ್ಲ. ಇದು ನಾನೇ ಹಾಕಿಕೊಂಡ ಮಿತಿ.

ಎಚ್‌ಐವಿ ಇರುವವರಲ್ಲಿ ಟಿಬಿ ಇಲ್ಲದಿದ್ದರೂ ಈ ಮಾರ್ಕರ್‌ಗಳು ಏರಿರಬಹುದು, ಸಿಡಿ4 ಕೋಶಗಳೂ ಕಡಿಮೆ. ಅವರ ಲೆಕ್ಕ ಬೇರೆಯೇ ಇಡಬೇಕು. ನಮ್ಮದು ಸಂಶೋಧನೆಗೆ ಮಾತ್ರ, ಮಾತ್ರೆ ಶುರು ಮಾಡುವುದು ಇದನ್ನು ನಂಬಿ ಅಲ್ಲ.

ಒಮ್ಮೆ ಒಂದೇ ಕಡೆಯಿಂದ ಬಂದ ಆರು ಸ್ಯಾಂಪಲ್ಲೂ ಸೊನ್ನೆ. ಟಿಬಿ ಟ್ಯೂಬೂ ಸೊನ್ನೆ, ಯಾವ ಟಿ ಕೋಶವನ್ನಾದರೂ ಎಬ್ಬಿಸಬೇಕಾದ ಪಾಸಿಟಿವ್ ಕಂಟ್ರೋಲೂ ಸೊನ್ನೆ. ಎರಡು ದಿನ ಕೋಶಗಳಿಗೆ ಬಣ್ಣ ಅಂಟಿಸುವ ಆ್ಯಂಟಿಬಾಡಿ ಕೆಟ್ಟಿದೆ ಅಂತ ತಲೆ ಕೆಡಿಸಿಕೊಂಡೆ. ಕೊನೆಗೆ ಕಸದ ಡಬ್ಬಿ ನೋಡಿದರೆ ನೇರಳೆ ಮುಚ್ಚಳ! ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನ ಬದಲು ಇಡಿಟಿಎ ಟ್ಯೂಬಿನಲ್ಲಿ ಕಳಿಸಿದ್ದರು. ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವವೇ. ಆದರೆ ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತೆ, ಕ್ಯಾಲ್ಸಿಯಂ ಇಲ್ಲದೆ ಟಿ ಕೋಶ ಏಳುವುದಿಲ್ಲ. ಬಂದಾಗ ಮುಚ್ಚಳ ನೋಡದ ತಪ್ಪು ನನ್ನದೂ ಹೌದು. ಆ ಕಂಟ್ರೋಲ್ ಇಡದೇ ಹೋಗಿದ್ದರೆ ಆರೂ ಜನರ ಮುಂದೆ ನೆಗೆಟಿವ್ ಅಂತ ಬರೆದಿರುತ್ತಿದ್ದೆ.

ಈಗ ಸ್ಯಾಂಪಲ್ ತರುವ ಅಣ್ಣ ಬಾಗಿಲಲ್ಲೇ ನಿಂತು ಕೂಗುತ್ತಾರೆ: "ಮೇಡಂ, ಎಲ್ಲಾ ಹಸಿರೇ!"