ಚುಕ್ಕೆ ಇಟ್ಟಿದ್ದು ಏಡಿಗಲ್ಲ, ಮನೆಗೆ

ಬೆಳಗಾವಿಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಒಂದು ಗಾಜಿನ ಕಪಾಟಿದೆ. ಕಾರವಾರಕ್ಕೆ ಟೂರ್ ಹೋದ ಹುಡುಗರು ವರ್ಷ ವರ್ಷ ಆರಿಸಿ ತಂದ ಶಂಖಗಳು ಅದರ ತುಂಬ. ಒಮ್ಮೆ ಒಂದರಲ್ಲಿ ಏಡಿ ಉಳಿದುಬಿಟ್ಟಿತ್ತು. ಖಾನಾಪುರ ದಾಟುವ ಹೊತ್ತಿಗೆ ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು. ಹಾಗಾದರೆ ನಾವು ತಂದ ಉಳಿದ ಶಂಖಗಳು ಯಾರ ಮನೆ ಆಗಬೇಕಿತ್ತು ಅಂತ ಆವತ್ತೇ ತಲೆಯಲ್ಲಿ ಹುಳ ಹೊಕ್ಕಿತು.

ಹೀಗೆ ಶಂಖದೊಳಗೆ ಸಿಗುವುದು ಸನ್ಯಾಸಿ ಏಡಿ (ಹರ್ಮಿಟ್ ಕ್ರ್ಯಾಬ್). ಅದರ ಮುಂಭಾಗ ಮಾತ್ರ ಗಟ್ಟಿ. ಹೊಟ್ಟೆ ಮೆತ್ತಗೆ, ಸುರುಳಿಯಾಗಿರುತ್ತದೆ. ಸತ್ತ ಸಮುದ್ರ ಬಸವನಹುಳುವಿನ ಚಿಪ್ಪಿನಲ್ಲಿ ಅದನ್ನು ಅಡಗಿಸಿಕೊಂಡೇ ಬದುಕಬೇಕು. ಮೈ ಬೆಳೆದರೆ ದೊಡ್ಡ ಚಿಪ್ಪು ಬೇಕು, ತಾನೇ ಕಟ್ಟಿಕೊಳ್ಳಲು ಬರೋದಿಲ್ಲ. ತಿಲಕವಾಡಿಯಲ್ಲಿ ರೂಮ್ ಹುಡುಕುವ ನಮ್ಮ ಹುಡುಗರ ಪಾಡೇ ಅದರದ್ದೂ.

ಖಾಲಿ ಶಂಖ ವಾಪಸ್ ಕೊಟ್ಟರೆ ಏಡಿಗಳು ಏನು ಮಾಡುತ್ತವೆ ನೋಡೋಣ ಅಂತ, ಮುಂದಿನ ಟೂರಿಗೆ ಕಪಾಟಿನಿಂದ 40 ಶಂಖ ತೆಗೆದುಕೊಂಡು ಹೋದೆವು. ವಾರ್ನಿಶ್ ಹಚ್ಚಿದವನ್ನು, ತೂತು ಬಿದ್ದವನ್ನು ಬಿಟ್ಟೆವು. ಮೊದಲು ಮರಳಿನ ಮೇಲೆ ಇಟ್ಟೆವು, ಅಲೆ ಬಂದು ಎಲ್ಲಾ ಚೆಲ್ಲಾಪಿಲ್ಲಿ. ಸಿಕ್ಕಷ್ಟನ್ನು ಆರಿಸಿ, ಬಂಡೆ ನಡುವೆ ನೀರು ನಿಲ್ಲುವ ಒಂದು ಗುಂಡಿ ನೋಡಿಕೊಂಡೆವು. ಅಲ್ಲಿದ್ದ ಏಡಿಗಳನ್ನು ಎಣಿಸಿ, ಒಂದೊಂದರ ಬೆನ್ನ ಮೇಲಿನ ಚಿಪ್ಪಿಗೂ ನೇಲ್ ಪಾಲಿಶ್ ಚುಕ್ಕೆ ಇಟ್ಟೆವು. ಆಮೇಲೆ ಖಾಲಿ ಶಂಖ ಹಾಕಿದೆವು.

ಮರುದಿನ ಇಳಿತದ ಹೊತ್ತಿಗೆ ಹೋದರೆ ಲೆಕ್ಕವೆಲ್ಲ ತಲೆಕೆಳಗು. ಚುಕ್ಕೆ ಇದ್ದ ಕೆಲವು ಚಿಪ್ಪು ಖಾಲಿ. ಇನ್ನು ಕೆಲವದರಲ್ಲಿ ನಿನ್ನೆಯದಕ್ಕಿಂತ ಸಣ್ಣ ಏಡಿ. "ಸರ್, ಮನಿ ಅದೇ ಐತ್ರಿ, ಬಾಡಿಗಿದಾರ ಬದಲಾಗ್ಯಾನ್ರಿ!" ಅಂದ ಒಬ್ಬ ಹುಡುಗ. ನಾನು ಗುರುತು ಹಾಕಿದ್ದು ಚಿಪ್ಪಿಗೆ, ಏಡಿಗಲ್ಲ! ಇಷ್ಟು ಸಣ್ಣ ಸಂಗತಿ ಮೇಷ್ಟ್ರಿಗೆ ಹೊಳೆದಿರಲಿಲ್ಲ. ಆದರೆ ಆ ತಪ್ಪಿನಿಂದಲೇ ಅಸಲು ವಿಷಯ ಕಣ್ಣಿಗೆ ಬಿತ್ತು. ದೊಡ್ಡ ಏಡಿ ಹೊಸ ಶಂಖಕ್ಕೆ ಹೋದರೆ ಅದರ ಹಳೆಯದು ಮಧ್ಯಮದ್ದಕ್ಕೆ, ಮಧ್ಯಮದ್ದು ಬಿಟ್ಟಿದ್ದು ಸಣ್ಣದಕ್ಕೆ. ಒಂದು ಖಾಲಿ ಶಂಖದಿಂದ ಮೂರ್ನಾಲ್ಕು ಏಡಿಗಳಿಗೆ ಮನೆ ಬದಲಾಗಬಹುದು.

ಒಟ್ಟು ಏಡಿಗಳೂ ಜಾಸ್ತಿ ಆಗಿದ್ದವು. ಹುಡುಗರು ಚಪ್ಪಾಳೆ ಹೊಡೆದರು, ನಾನು ಹೊಡೆಯಲಿಲ್ಲ. ಒಂದೇ ರಾತ್ರಿಯಲ್ಲಿ ಸಂತತಿ ಹೆಚ್ಚುತ್ತದಾ? ಪಕ್ಕದ ಗುಂಡಿಗಳಿಂದ ಬಂದಿರಬೇಕು, ಅಷ್ಟೇ. ಚಿಪ್ಪಿನ ನಿಜವಾದ ಪರಿಣಾಮ ನಿಧಾನ. ಬಿಗಿಯಾದ ಚಿಪ್ಪಿನಲ್ಲಿ ಏಡಿ ಸರಿಯಾಗಿ ಬೆಳೆಯೋದಿಲ್ಲ, ಹೆಣ್ಣು ಕಡಿಮೆ ಮೊಟ್ಟೆ ಹೊರುತ್ತದೆ. ಹುಟ್ಟಿದ ಮರಿಗಳು ಮೊದಲು ವಾರಗಟ್ಟಲೆ ಸಮುದ್ರದಲ್ಲಿ ತೇಲುತ್ತವೆ, ಬಂದು ನೆಲೆಸುವುದು ಎಲ್ಲೋ. ಎರಡು ದಿನದ ಟೂರಿನಲ್ಲಿ ಅದೆಲ್ಲ ಅಳೆಯಲು ಆಗದು.

ಆದರೆ ಚಿಪ್ಪು ಬಿಗಿಯಾಗಿದೆಯಾ ಅಂತ ಅಲ್ಲೇ ನೋಡಬಹುದು. ಮೆಲ್ಲಗೆ ಮುಟ್ಟಿ. ಏಡಿ ಪೂರ್ತಿ ಒಳಗೆ ಹೋದರೆ ಸರಿ. ಕೊಂಬು, ಅಂದರೆ ಇಕ್ಕಳದಂಥ ಮುಂಗಾಲು, ಹೊರಗೇ ಉಳಿದರೆ ಮನೆ ಸಾಲದು ಅಂತ. ನಮ್ಮ ಗುಂಡಿಯಲ್ಲಿ ಮೊದಲ ದಿನ ಹಾಗೆ ಕೊಂಬು ಹೊರಗಿದ್ದವು ಬಹಳ, ಎರಡನೇ ದಿನ ಕಡಿಮೆ.

ಈಗ ಬಸ್ ಹತ್ತುವ ಮುಂಚೆ ಎಲ್ಲರ ಜೇಬು ನೋಡುತ್ತೇನೆ. ಕಪ್ಪೆಚಿಪ್ಪು ಒಂದೆರಡು ಇದ್ದರೆ ಏನೂ ಅನ್ನೋದಿಲ್ಲ. ಶಂಖ ಇದ್ದರೆ, ವಾಪಸ್ ಬಂಡೆ ಹತ್ತಿರ ಹೋಗಿ ಇಟ್ಟು ಬರಬೇಕು.